ಮೂರು ಇಂಚಿನ ತಕರಾರು

ಅಪ್ಪನ ಕೆರೆಯ ದಂಡೆಯಲ್ಲಿ ಬೆಳಿಗ್ಗೆ ನಡೆಯುವ ನಮ್ಮ ಗುಂಪಿನಲ್ಲಿ ಐದು ಜನ. ಐವರೂ ನಿವೃತ್ತರು, ಹಾಗಾಗಿ ಐವರಿಗೂ ಎಲ್ಲವೂ ಗೊತ್ತು. ಮಗನ ಮನೆಯಲ್ಲಿ ಎರಡು ತಿಂಗಳಿದ್ದು ಇಂಗ್ಲೆಂಡಿನಿಂದ ಕಲಬುರಗಿಗೆ ಮರಳಿದ ನನ್ನನ್ನು ಮೊದಲ ದಿನವೇ ವಿಚಾರಣೆಗೆ ನಿಲ್ಲಿಸಿದರು. ಲಂಡನ್ನಿನ ದೊಡ್ಡ ಗಡಿಯಾರ ನೋಡಿದಿರಾ? ಇಲ್ಲ. ಅರಮನೆ? ಇಲ್ಲ. ನಮ್ಮ ಕೊಹಿನೂರು? ಅದೂ ಇಲ್ಲ. "ಹಾಗಾದರೆ ನೋಡಿದ್ದಾದರೂ ಏನು?" ಬರ್ಮಿಂಗ್‌ಹ್ಯಾಮ್ ಎಂಬ ಊರಿನ ನಟ್ಟನಡುವೆ ಒಂದು ಹಳೆಯ ಕಾಲುವೆ ಬಂದರಿದೆ, ಅದರ ಸುತ್ತ ಮೂರು ಸಲ ಕಾಲ್ನಡಿಗೆಯಲ್ಲಿ ತಿರುಗಿದೆ ಎಂದೆ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಕೊನೆಗೆ ಹೆಡ್‌ಮಾಸ್ತರರು, "ಕಾಲುವೆ ನೋಡಲು ವಿಮಾನ ಏಕೆ ಹತ್ತಬೇಕಿತ್ತು ಸಾಹೇಬರೇ? ನಾರಾಯಣಪುರಕ್ಕೆ ಹೋಗಿದ್ದರೆ ಬಸ್ ಚಾರ್ಜಿನಲ್ಲಿ ಮುಗಿಯುತ್ತಿತ್ತು" ಎಂದರು. ಉಳಿದ ಮೂವರು ನಕ್ಕರು. ನಮ್ಮ ಗುಂಪಿಗೆ ಸೇರದ, ಬೆಂಚಿನ ಮೇಲೆ ಸುಮ್ಮನೆ ಕುಳಿತಿದ್ದ ಒಬ್ಬರೂ ನಕ್ಕರು. ಈ ಬರಹ ಹುಟ್ಟಿದ್ದು ಆ ಬೆಂಚಿನವರ ನಗುವಿನಿಂದ.

ನಾರಾಯಣಪುರದ ಎಡದಂಡೆ ಕಾಲುವೆ ನಾನು ಕಾಣದ್ದೇನಲ್ಲ. ಮೂವತ್ತೊಂದು ವರ್ಷ ಹೊಲಗದ್ದೆಗಳಲ್ಲಿ ಸರಪಳಿ ಎಳೆಸಿದ ಮೋಜಣಿದಾರ ನಾನು. ಈ ಭಾಗದಲ್ಲಿ ನಾನು ಬುತ್ತಿ ಬಿಚ್ಚದ ಬದುವಿಲ್ಲ, ಬೆನ್ನು ಒರಗಿಸದ ಬಾಂದುಕಲ್ಲಿಲ್ಲ. ಊರನ್ನು ಕಣ್ಣಿಗಿಂತ ಕಾಲಿನಿಂದ ನೋಡುವುದರಲ್ಲಿ ಒಂದು ದೊಡ್ಡ ತತ್ವವಿದೆ. ಅದನ್ನು ಮುಂದೆ ಹೇಳುತ್ತೇನೆ.

ಆ ಬಂದರಿನ ಹೆಸರು ಗ್ಯಾಸ್ ಸ್ಟ್ರೀಟ್ ಬೇಸಿನ್. ಮಗ ಕರೆದುಕೊಂಡು ಹೋದ ಭಾನುವಾರ ತುಂತುರು ಮಳೆ. "ಅಪ್ಪಾ, ವೆನಿಸ್‌ಗಿಂತ ಹೆಚ್ಚು ಉದ್ದದ ಕಾಲುವೆಗಳು ಈ ಊರಿನಲ್ಲಿವೆ ಗೊತ್ತೇ?" ಎಂದ. ಗೊತ್ತಿತ್ತು. ಅದನ್ನು ವಿಮಾನ ನಿಲ್ದಾಣದ ಟ್ಯಾಕ್ಸಿಯವನು ಹೇಳಿದ್ದ, ಕ್ಷೌರದವನು ಹೇಳಿದ್ದ, ಅಕ್ಕಿ ಬೇಳೆ ಮಾರುವ ಗುಜರಾತಿ ಅಂಗಡಿಯವರು ಹೇಳಿದ್ದರು. ವೆನಿಸ್‌ನವರು ಎಂದಾದರೂ ಬರ್ಮಿಂಗ್‌ಹ್ಯಾಮಿನ ಹೆಸರು ಎತ್ತುತ್ತಾರೆಯೇ ಎಂದು ಕೇಳಿದೆ. ಮಗ ಉತ್ತರಿಸದೆ ಮಣಿಕಟ್ಟಿನ ಗಡಿಯಾರ ನೋಡಿಕೊಂಡ. ಅದು ಅವನ ಹೆಜ್ಜೆ ಎಣಿಸುತ್ತದೆ. ಸಂಜೆಯೊಳಗೆ ಹತ್ತು ಸಾವಿರವಾಗದಿದ್ದರೆ ಮನೆಯೊಳಗೇ ಅಡ್ಡಾಡಿ ಲೆಕ್ಕ ಒಪ್ಪಿಸುತ್ತಾನೆ. ನಮ್ಮ ಕಚೇರಿಯ ಮೇಲಧಿಕಾರಿಗಳೂ ನಮ್ಮನ್ನು ಅಷ್ಟು ಹೆದರಿಸಿರಲಿಲ್ಲ.

ನೀರಿನ ಪಕ್ಕದ ದಾರಿ ಮೊದಲು ಕುದುರೆಗಳದ್ದು. ದಂಡೆಯ ಮೇಲೆ ಕುದುರೆ ನಡೆಯುತ್ತಿತ್ತು, ಹಗ್ಗದ ಇನ್ನೊಂದು ತುದಿಯಲ್ಲಿ ದೋಣಿ ಬರುತ್ತಿತ್ತು. ಸೇತುವೆ ಏರುವಲ್ಲಿ ಗೊರಸು ಜಾರದಿರಲೆಂದು ಇಟ್ಟಿಗೆಗಳನ್ನು ಸಾಲುಸಾಲಾಗಿ ಎತ್ತರಿಸಿ ಕೂರಿಸಿದ್ದಾರೆ. ನಮ್ಮ ಮನೆಗಳ ಶಹಾಬಾದ್ ಪರಸಿಯ ಮೇಲೆ ಮಳೆಗಾಲದಲ್ಲಿ ಜಾರಿ ಸೊಂಟ ಮುರಿದುಕೊಂಡ ಮನುಷ್ಯರಿಗಾಗಿ ಯಾರೂ ಇಷ್ಟು ಯೋಚಿಸಿಲ್ಲ. ಈಗ ಆ ದಾರಿಯಲ್ಲಿ ಕುದುರೆಗಳಿಲ್ಲ, ಸೈಕಲ್ಲುಗಳಿವೆ. ಹಿಂದಿನಿಂದ ಬಂದು ಒಮ್ಮೆ 'ಟಿಣ್' ಎನ್ನಿಸುತ್ತಾರೆ. ನಾವು ಪಕ್ಕಕ್ಕೆ ಸರಿದರೆ ಥ್ಯಾಂಕ್ಸ್ ಹೇಳುತ್ತಾರೆ, ಸರಿಯದಿದ್ದರೆ ಸಾರಿ ಹೇಳುತ್ತಾರೆ. ಎರಡರಲ್ಲೂ ಧ್ವನಿ ಒಂದೇ. ಜೊತೆಗೆ ಬಾತುಕೋಳಿಯ ದೊಡ್ಡಪ್ಪನಂತಿರುವ ಒಂದು ಜಾತಿಯ ಹಕ್ಕಿಗಳು ದಾರಿಯ ತುಂಬ ಹೇತಿರುತ್ತವೆ. ಸುಂದರ ಸ್ಥಳ ಎಂದು ಫೋಟೋ ಹಾಕುವವರು ಇದನ್ನು ಬರೆಯುವುದಿಲ್ಲ.

ದಾರಿಯಲ್ಲಿ ಒಂದು ಸೇತುವೆಯ ಮೂಲೆಯ ಕಬ್ಬಿಣದ ಮೇಲೆ ಕೈಯಿಟ್ಟೆ. ಹಗ್ಗ ಉಜ್ಜಿ ಉಜ್ಜಿ ಕಬ್ಬಿಣದಲ್ಲೇ ಬೆರಳು ಕೂರುವಷ್ಟು ಆಳದ ಗೀರುಗಳು ಬಿದ್ದಿದ್ದವು. ಬೆರಳಿಟ್ಟ ಕೂಡಲೇ ಶಹಾಬಜಾರಿನ ನಮ್ಮ ಹಳೆಯ ಮನೆಯ ಬಾವಿ ನೆನಪಾಯಿತು. ಅದರ ಕಲ್ಲಿನಲ್ಲೂ ಇಂಥವೇ ಗೀರುಗಳಿದ್ದವು.

ಆ ಬಾವಿಯ ಕಥೆ ಹೇಳದಿದ್ದರೆ ಬಂದರಿನ ಕಥೆ ತಿಳಿಯುವುದಿಲ್ಲ. ನಮ್ಮ ಮುತ್ಯಾ ಮತ್ತು ಅವರ ತಮ್ಮ ಪಾಲಾದರು. ಹೊಲ ಪಾಲಾಯಿತು, ಎತ್ತು ಪಾಲಾದವು, ಹಿತ್ತಾಳೆಯ ಹಂಡೆ ಕೂಡ ಪಾಲಾಗಬೇಕಿತ್ತು, ಪಂಚರು ತಡೆದರು. ಅಂಗಳದ ಬಾವಿಯನ್ನು ಮಾತ್ರ ಪಾಲು ಮಾಡುವುದು ಹೇಗೆ? ಬಾವಿಯ ಬಾಯಿಗೆ ಅಡ್ಡಲಾಗಿ ಎರಡು ಉದ್ದನೆಯ ಬಂಡೆ ಹಾಸಿ ಅದರ ಮೇಲೆ ಗೋಡೆ ಎಬ್ಬಿಸಿದರು. ಅತ್ತ ಅರ್ಧಚಂದ್ರ, ಇತ್ತ ಅರ್ಧಚಂದ್ರ. ಎರಡು ಗಾಲಿ, ಎರಡು ಹಗ್ಗ. ಮೇಲೆ ಎರಡು ಮನೆ, ಕೆಳಗೆ ಒಂದೇ ನೀರು. ಅಣ್ಣತಮ್ಮಂದಿರ ನಡುವೆ ಹನ್ನೊಂದು ವರ್ಷ ಮಾತಿರಲಿಲ್ಲ. ಅತ್ತ ಕೊಡ ಬಿಟ್ಟ ಸದ್ದು ಕೇಳಿದರೆ ಮುತ್ಯಾ ಇತ್ತ ಕೊಡ ಬಿಡುತ್ತಿರಲಿಲ್ಲ. ಕೆಳಗೆ ಎರಡು ಕೊಡಗಳು ತಾಗಿದರೆ ಅದೂ ಒಂದು ಮಾತಾದೀತೆಂಬ ಭಯ.

ಹೆಂಗಸರು ಬೇರೆಯೇ ದಾರಿ ಹುಡುಕಿಕೊಂಡಿದ್ದರು. ಯುಗಾದಿಗೆ ಹೋಳಿಗೆ ಮಾಡಿದಾಗ ನಮ್ಮ ಆಯಿ ಮುಚ್ಚಳದ ಡಬ್ಬಿಯೊಂದನ್ನು ಬಕೆಟ್ಟಿನಲ್ಲಿಟ್ಟು ಅರ್ಧ ಬಾವಿಯವರೆಗೆ ಇಳಿಸಿ ತೂಗುತ್ತಿದ್ದಳು. ಗೋಡೆಯ ಬುಡ ದಾಟಿ ಆ ಬದಿಗೆ ತೂಗಿದಾಗ ಅತ್ತಲಿಂದ ಚಿಕ್ಕ ಆಯಿ ಪಾತಾಳಗರಡಿಯಿಂದ ಬಕೆಟ್ಟಿನ ಹಿಡಿಕೆಯನ್ನು ಸೆಳೆದುಕೊಳ್ಳುತ್ತಿದ್ದಳು. ಬಕೆಟ್ ಮರಳುವಾಗ ಬರಿದಾಗಿ ಮರಳುತ್ತಿರಲಿಲ್ಲ. ಶೇಂಗಾ ಹಿಂಡಿ, ಒಮ್ಮೊಮ್ಮೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಒಮ್ಮೆ ಗುರಿ ತಪ್ಪಿ ಹೋಳಿಗೆಯ ಡಬ್ಬಿ ನೀರಿಗೆ ಬಿತ್ತು. ಮುಚ್ಚಳ ಬಿಚ್ಚಿಕೊಂಡು ಎರಡು ದಿನ ಹೋಳಿಗೆಗಳು ತೇಲಿದವು. ಅವು ಯಾವ ಮನೆಯವು ಎಂದು ಅಣ್ಣನೂ ಕೇಳಲಿಲ್ಲ, ತಮ್ಮನೂ ಕೇಳಲಿಲ್ಲ. ತಾಟಿನಲ್ಲಿ ಜಾಜಿಕಾಯಿಯ ವಾಸನೆಯ ಹೋಳಿಗೆ ಬಿದ್ದಾಗಲೂ ಮುತ್ಯಾ ಕೇಳಲಿಲ್ಲ. ನಮ್ಮ ಮನೆಯಲ್ಲಿ ಜಾಜಿಕಾಯಿ ಹಾಕುತ್ತಿರಲಿಲ್ಲ. ಮೂರು ತಿಂದು ಎದ್ದರು.

ಆದರೆ ಗೋಡೆ ನಾಲ್ಕು ಬೆರಳು ನಮ್ಮ ಕಡೆ ಸರಿದಿದೆ ಎಂಬ ತಕರಾರನ್ನು ಅವರು ಸಾಯುವವರೆಗೂ ಬಿಡಲಿಲ್ಲ. ಹಲ್ಲುಜ್ಜುತ್ತ ನಿಂತು ದಿನಾ ಗೇಣು ಹಾಕಿ ನೋಡುತ್ತಿದ್ದರು. ನನಗೆ ಅಳತೆಯ ಹುಚ್ಚು ಹತ್ತಿದ್ದು ಅಲ್ಲಿಂದಲೇ ಇರಬೇಕು.

ಈಗ ಬಂದರಿಗೆ ಬರುತ್ತೇನೆ. ಅಲ್ಲಿ ನೀರಿನ ನಡುವೆ ಉದ್ದಕ್ಕೆ ಒಂದು ಕಟ್ಟೆ ಇದೆ, ಎರಡೂ ಬದಿ ಬಣ್ಣಬಣ್ಣದ ಸಪೂರ ದೋಣಿಗಳು. ಜನ ಅದರ ಮೇಲೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಅದು ಚೆಂದಕ್ಕೆ ಕಟ್ಟಿದ್ದಲ್ಲ, ಪಕ್ಕಾ ಪಾಲಿನ ಗೋಡೆ. ಬರ್ಮಿಂಗ್‌ಹ್ಯಾಮ್ ಕಾಲುವೆ ಕಂಪನಿಯವರು ಮೊದಲು ಬಂದವರು. 1769ರಲ್ಲಿಯೇ ಅವರ ದೋಣಿಗಳು ಗಣಿ ಪ್ರದೇಶದ ಕಲ್ಲಿದ್ದಲು ತಂದಿದ್ದವು. ಆಮೇಲೆ ವುಸ್ಟರ್ ಊರಿಗೆ ಕಾಲುವೆ ತೋಡಲು ಇನ್ನೊಂದು ಕಂಪನಿ ಬಂತು, 1791ರಲ್ಲಿ ಕಾಯಿದೆ ಮಾಡಿಸಿಕೊಂಡು. ಹಳಬರಿಗೆ ಹೊಟ್ಟೆಯುರಿ. ನಮ್ಮ ಅನುಮತಿಯಿಲ್ಲದೆ ನಮ್ಮ ಕಾಲುವೆಯ ಏಳು ಅಡಿಯೊಳಗೆ ಬರಕೂಡದು ಎಂದು ಕಾಯಿದೆಯಲ್ಲೇ ಬರೆಸಿದರು. ಹೊಸಬರು ಅಷ್ಟು ಜಾಗ ಬಿಟ್ಟು ತಮ್ಮ ಕಾಲುವೆ ತೋಡಿದರು. ಅತ್ತ ನೀರು, ಇತ್ತ ನೀರು, ನಡುವೆ ಏಳು ಅಡಿಯ ಹಟ.

ಮುಂದಿನ ಸುಮಾರು ಇಪ್ಪತ್ತು ವರ್ಷ ಅತ್ತಲ ದೋಣಿಯ ಸರಕನ್ನು ಕೂಲಿಗಳು ಎತ್ತಿ, ಕಟ್ಟೆ ದಾಟಿಸಿ, ಇತ್ತಲ ದೋಣಿಗೆ ಇಳಿಸಿದರು. ಮಗ ಇದನ್ನು ಕೇಳಿ "ಎಂಥ ಮೂರ್ಖತನ" ಎಂದ. ಅವನಿಗೆ ನಲ್ಲಿ ತಿರುಗಿಸಿದರೆ ನೀರು ಬರುವ ಊರಿನ ಅಭ್ಯಾಸವಾಗಿದೆ. ಬರ್ಮಿಂಗ್‌ಹ್ಯಾಮ್ ದಿಬ್ಬದ ಮೇಲಿನ ಊರು. ಕಾಲುವೆಯ ನೀರನ್ನು ಅವರು ಕೂಡಿಟ್ಟು ತಂದಿದ್ದರು. ವುಸ್ಟರ್‌ನ ಹೊಳೆಗೆ ಇಳಿಯಬೇಕಾದರೆ ದಾರಿಯಲ್ಲಿ ಐವತ್ತೆಂಟು ಲಾಕ್‌ಗಳು, ನೀರಿನ ಮೆಟ್ಟಿಲುಗಳು. ಅದರಲ್ಲಿ ಮೂವತ್ತು ಒಂದೇ ಕಡೆ ಸಾಲಾಗಿ. ಒಂದು ದೋಣಿ ಒಂದು ಮೆಟ್ಟಿಲು ಇಳಿದರೆ ಹೆಚ್ಚುಕಡಿಮೆ ಲಕ್ಷ ಲೀಟರ್ ನೀರು ಅದರ ಜೊತೆ ಕೆಳಗೆ ಹೋಗುತ್ತದೆ. ನಮ್ಮ ಓಣಿಗೆ ಬರುವ ಟ್ರ್ಯಾಕ್ಟರ್ ಟ್ಯಾಂಕರ್ ಲೆಕ್ಕದಲ್ಲಿ ಇಪ್ಪತ್ತು ಟ್ಯಾಂಕರ್. ಭೀಮಾ, ಬೆಣ್ಣೆತೊರಾ ಎರಡರ ಹೆಸರು ಕೇಳಿಯೂ ಬೇಸಿಗೆಯಲ್ಲಿ ನಲ್ಲಿಯ ಮುಂದೆ ಕೊಡ ಸಾಲಿಟ್ಟು ಕಾಯುವ ಕಲಬುರಗಿಯವನಾದ ನನಗೆ ಆ ಹಳೆಯ ಕಂಪನಿಯ ಜಿಪುಣತನ ಒಂದೇ ನಿಮಿಷದಲ್ಲಿ ಅರ್ಥವಾಯಿತು. ಬಾಗಿಲಲ್ಲಿ ನಿಂತು "ನಿಮ್ಮ ಪೈಪು ನಮ್ಮ ಪೈಪಿಗೆ ತಾಗಬಾರದು" ಎನ್ನುವ ಹೆಂಗಸಿನ ಮುಖ ಕೂಡ ಕಂಡಿತು. ನಮ್ಮ ಎದುರು ಮನೆಯವರದ್ದು.

ನನ್ನ ಜೇಬಿನಲ್ಲಿ ಸದಾ ಒಂದು ಟೇಪು ಇರುತ್ತದೆ. ತೆಗೆದೆ. "ಅಪ್ಪಾ, ಬೇಡ" ಎಂದು ಮಗ ಸುತ್ತ ನೋಡಿದ. ಕಟ್ಟೆಯ ಆ ಅಂಚಿನಲ್ಲಿ ಟೇಪಿನ ತುದಿ ಹಿಡಿಯಲು ಅವನಿಗೇ ಹೇಳಿದೆ. ಇಪ್ಪತ್ತು ವರ್ಷಗಳ ಹಿಂದೆ ಬೇಸಿಗೆ ರಜೆಯಲ್ಲಿ ನನ್ನ ಜೊತೆ ಬಂದು ಹೊಲದಲ್ಲಿ ತುದಿ ಹಿಡಿದವನೇ ತಾನೆ, ಕೂತು ಹಿಡಿದ. ಏಳು ಅಡಿ ಮೂರು ಇಂಚು. ಪುಸ್ತಕಗಳಲ್ಲಿ ಬರೆದಿರುವುದೂ ಅಷ್ಟೇ ಎಂದು ಅವನು ಮೊಬೈಲಿನಲ್ಲಿ ಹುಡುಕಿ ಹೇಳಿದ. ನನ್ನ ಅಳತೆಯನ್ನು ಮೊಬೈಲು ದೃಢೀಕರಿಸುವ ಕಾಲ ಬಂತಲ್ಲ ಎಂದು ಬೇಸರವಾಯಿತು. ಅದಿರಲಿ. ಕಾಯಿದೆ ಹೇಳಿದ್ದು ಏಳು ಅಡಿ. ಮೂರು ಇಂಚು ಎಲ್ಲಿಂದ ಬಂತು?

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮರುವಾರ ಮತ್ತೆ ಹೋದೆ, ಅದರ ಮರುವಾರ ಮತ್ತೊಮ್ಮೆ. ಮೂರು ಇಂಚು ಹಳಬರ ಒತ್ತುವರಿಯೋ, ಹೊಸಬರು ಕೋರ್ಟಿಗೆ ಹೆದರಿ ಬಿಟ್ಟದ್ದೋ? 1815ರಲ್ಲಿ ಹಟ ಕರಗಿ, ಕಟ್ಟೆಯನ್ನು ಒಂದು ಕಡೆ ಕಡಿದು ಲಾಕ್ ಕೂರಿಸಿದರು. ಈಗ ಆ ಕಂಡಿಯಲ್ಲಿ ದೋಣಿಗಳು ಸಲೀಸಾಗಿ ಹೋಗಿ ಬರುತ್ತವೆ. ಉಳಿದ ಕಟ್ಟೆಯನ್ನು ಮಾತ್ರ ಯಾರೂ ಕೆಡವಲಿಲ್ಲ. ನಮ್ಮ ಬಾವಿಯ ವಿಷಯ ಹಾಗಾಗಲಿಲ್ಲ. ಬೋರ್‌ವೆಲ್ ಬಂದ ಮೇಲೆ ಗೋಡೆ ಕೆಡವಿದ ಮಣ್ಣನ್ನೇ ಬಾವಿಗೆ ತುಂಬಿದರು. ನಮ್ಮ ಕೋಟೆಯ ಕಂದಕದಲ್ಲಿ ನೀರಿಗಿಂತ ಹೆಚ್ಚು ಪ್ಲಾಸ್ಟಿಕ್ ಇರುವುದನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಕಾಲಿನಿಂದ ಊರು ನೋಡುವ ತತ್ವಕ್ಕೆ ಬರುತ್ತಿದ್ದೆ, ಈ ಕಂದಕ ನೆನಪಾಗಿ ತಲೆ ಕೆಟ್ಟಿತು.

ಇಷ್ಟನ್ನೂ ಕೆರೆಯ ದಂಡೆಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಒಂದೂವರೆ ಸುತ್ತು ಆಗಿತ್ತು. ಹೆಡ್‌ಮಾಸ್ತರರು ಒಂದೂ ಮಾತಾಡಿರಲಿಲ್ಲ. ಗುಡಿಯ ಗೋಪುರ ಕಾಣುವ ತಿರುವಿನಲ್ಲಿ ನಿಂತರು. ಕಂಪೌಂಡ್ ಗೋಡೆಯ ವಿಷಯದಲ್ಲಿ ಪಕ್ಕದ ಮನೆಯವರ ಮೇಲೆ ಅವರು ಹೂಡಿದ ದಾವೆಗೆ ಈಗ ಒಂಬತ್ತನೆಯ ವರ್ಷ ಎಂಬುದು ನನಗೆ ಆಗ ನೆನಪಾಯಿತು.

"ಆ ಮೂರು ಇಂಚು ಯಾರ ಹದ್ದಿನಲ್ಲಿ ಬಂತು ಸಾಹೇಬರೇ?"

"ಸ್ಥಳ ತನಿಖೆಯಾಗದೆ ಹೇಗೆ ಹೇಳಲಿ?" ಎಂದೆ.

"ಮೂರು ಸಲ ಹೋಗಿ ಬಂದಿದ್ದೀರಲ್ಲ!"

ಕೋಲಿನ ತುದಿಯಿಂದ ಅವರು ಮಣ್ಣಿನಲ್ಲಿ ಎರಡು ಗೆರೆ ಎಳೆದು, ಒಂದರ ಪಕ್ಕ 'ಬ' ಎಂದೂ ಇನ್ನೊಂದರ ಪಕ್ಕ 'ವು' ಎಂದೂ ಬರೆದರು. ಉಳಿದ ಮೂವರು ಬಗ್ಗಿದರು. ಬೆಂಚಿನ ಮೇಲಿದ್ದವರು ಚಪ್ಪಲಿ ಹಾಕಿಕೊಂಡು ಎದ್ದು ಬಂದು, "ಗೆರೆ ಸ್ವಲ್ಪ ಈ ಕಡೆ ಸರಿದಿದೆ" ಎಂದರು.