ಮಗು ತಾನೇ ಬಾರಿಸಲಿ

ಹೋದ ವಾರ ಒಬ್ಬಳು ತಂಗಿ ಇನ್‌ಬಾಕ್ಸ್‌ನಲ್ಲಿ ಕೇಳಿದಳು. "ಅಕ್ಕಾ, ಬಟ್ಟಲು ಬಾರಿಸಿ ಮಕ್ಕಳಿಗೆ ಮಸಾಜ್ ಮಾಡ್ತಾರಂತಲ್ಲ, ನೀವೂ ಮಾಡಿಸಿದ್ರಂತೆ. ನಮ್ಮ ಮಗಳಿಗೆ ಮಾಡಿಸಲಾ?" ಎರಡು ಸಾಲಿನಲ್ಲಿ ಉತ್ತರ ಕೊಡಲು ಆಗಲಿಲ್ಲ. ಇದನ್ನೇ ಕೇಳಬೇಕು ಅಂತಿರುವ ತಾಯಂದಿರು ಇನ್ನೂ ಇರಬಹುದು ಅಲ್ವಾ? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮಗನಿಗೆ ಈಗ ಮೂರೂವರೆ ವರ್ಷ. ಒಂದೂವರೆ ವರ್ಷ ತುಂಬಿದರೂ ಹಿಡಿದುಕೊಂಡು ನಿಲ್ಲಲಿಲ್ಲ, "ಅವ್ವಾ" ಅನ್ನಲಿಲ್ಲ. "ಗಂಡು ಹುಡುಗರು ತಡ ಬಿಡು" ಅಂತ ಎಲ್ಲರೂ ಹೇಳಿದರು. ನಾವೂ ನಂಬಿಕೊಂಡು ಕೂತೆವು. ಅಂಗನವಾಡಿಗೆ ತಪಾಸಣೆಗೆ ಬಂದ ತಂಡದವರು ಅವನನ್ನು ನೋಡಿ ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅದು. ಹುಟ್ಟಿದ ಮಗುವಿನಿಂದ ಹದಿನೆಂಟು ವರ್ಷದವರೆಗೆ ನೋಡುತ್ತಾರೆ, ದುಡ್ಡಿಲ್ಲ. ನನಗೆ ಇದು ಮೊದಲೇ ಗೊತ್ತಿದ್ದರೆ ಆರು ತಿಂಗಳು ಉಳಿಯುತ್ತಿತ್ತು.

ಚೀಟಿಯಲ್ಲಿ "ಗ್ಲೋಬಲ್ ಡೆವಲಪ್‌ಮೆಂಟಲ್ ಡಿಲೇ" ಅಂತ ಬಂತು. ಐದು ವರ್ಷದೊಳಗಿನ ಮಗು ನಡಿಗೆ, ಮಾತು, ತಿಳಿವಳಿಕೆ ಇವುಗಳಲ್ಲಿ ಎರಡೋ ಮೂರೋ ಕಡೆ ತುಂಬಾ ಹಿಂದೆ ಬಿದ್ದಿದ್ದರೆ ಹೀಗೆ ಬರೆಯುತ್ತಾರೆ. ಕಿವಿಯದು ಖಚಿತವಾಗಲಿ ಅಂತ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೂ ಹೋಗಿಬಂದೆವು. ಸದ್ದು ಕಿವಿಯಿಂದ ಮೆದುಳಿಗೆ ಮುಟ್ಟುತ್ತದಾ ಅಂತ ಮಗುವನ್ನು ಮಲಗಿಸಿ ನೋಡುವ ಬೇರಾ ಪರೀಕ್ಷೆ ಆಯಿತು. ಕಿವಿ ಚೆನ್ನಾಗಿದೆ ಅಂದರು. ಆಮೇಲೆ ವಾರಕ್ಕೆ ಮೂರು ದಿನ ಫಿಸಿಯೋಥೆರಪಿ, ಎರಡು ದಿನ ಮಾತಿನ ಥೆರಪಿ. ಮಗ ಅಳುತ್ತಿದ್ದ. ಕಾಲು ಹಿಗ್ಗಿಸುವಾಗ ನನ್ನ ಸೆರಗು ಹಿಡಿದು ಕಿರುಚುತ್ತಿದ್ದ. ನನಗೆ ನೋಡಲು ಆಗುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ನಮ್ಮ ಸಂಬಂಧಿಕರೊಬ್ಬರು ಈ ಬಟ್ಟಲು ಬಾರಿಸುವ ನಾದ ಚಿಕಿತ್ಸೆಯ ಸುದ್ದಿ ತಂದರು. ಹೋದೆವು. ಒಂದು ಸಲಕ್ಕೆ 800 ರೂಪಾಯಿ.

ಅಲ್ಲಿ ನಡೆದದ್ದನ್ನು ಇದ್ದಂತೆ ಹೇಳುತ್ತೇನೆ. ಚಾಪೆಯ ಮೇಲೆ ಮಗನನ್ನು ಬೋರಲಾಗಿ ಮಲಗಿಸಿದರು. ಬೆನ್ನಿನ ಮೇಲೆ ತೆಳ್ಳಗಿನ ಬಟ್ಟೆ, ಅದರ ಮೇಲೆ ಕಂಚಿನ ಬಟ್ಟಲು. ಮೆತ್ತನೆಯ ಉಣ್ಣೆ ಸುತ್ತಿದ ಕೋಲಿನಿಂದ ಬಟ್ಟಲಿನ ಪಕ್ಕಕ್ಕೆ ಮೆಲ್ಲಗೆ ತಟ್ಟಿದರು. "ಓಂ" ಅಂತ ಎದ್ದ ಸದ್ದು ತಣ್ಣಗೆ ಹರಡಿಕೊಂಡು ಹೋಯಿತು. ಮಗ ಅಳು ನಿಲ್ಲಿಸಿದ. ಬಟ್ಟಲನ್ನು ಅಂಗಾಲಿಗೆ ತಾಗಿಸಿದಾಗ ಕಾಲಿನ ಬೆರಳು ಒಂದೊಂದಾಗಿ ಬಿಚ್ಚಿಕೊಂಡವು. ನಮ್ಮತ್ತೆ ಕಣ್ಣೊರೆಸಿಕೊಳ್ಳುತ್ತಾ, "ಕೂಸು ನಗಾಕತ್ತೈತಿ ನೋಡವಾ" ಅಂದರು. ನಿಜವಾಗಿಯೂ ನಗುತ್ತಿದ್ದ.

ಆ ನಗು ಸುಳ್ಳಲ್ಲ. ಇದರಲ್ಲಿ ಏನೂ ಇಲ್ಲ ಅನ್ನುವವರಿಗೆ ನಾನು ಒಪ್ಪುವುದಿಲ್ಲ. ನಮ್ಮ ಚರ್ಮದ ಒಳಗೆ ಕಂಪನ ಹಿಡಿಯುವ ನರದ ತುದಿಗಳಿವೆ, ಸೆಕೆಂಡಿಗೆ 200-300 ಸಲ ಅದುರುವ ಕಂಪನ ಅವಕ್ಕೆ ಚೆನ್ನಾಗಿ ತಿಳಿಯುತ್ತದೆ. ಹಾಗಾಗಿ ಸದ್ದು ಕಿವಿಗಷ್ಟೇ ಅಲ್ಲ, ಮೈಗೂ ಕೇಳುತ್ತದೆ. ಅದು ಕೆಲವು ಮಕ್ಕಳಿಗೆ ತುಂಬಾ ಹಿತ. ಕೆಲವು ಮಕ್ಕಳಿಗೆ ಅದೇ ಸದ್ದು ಹಿಂಸೆ, ಕಿವಿ ಮುಚ್ಚಿಕೊಳ್ಳುತ್ತವೆ. ಅಂಥ ಮಗುವನ್ನು ಹಿಡಿದು ಮಲಗಿಸಲೇಬಾರದು.

ನನಗೆ ನೋವಾಗಿದ್ದು ಆಮೇಲೆ. "ಇದು ಸಾವಿರಾರು ವರ್ಷದ ಟಿಬೆಟ್ ವಿದ್ಯೆ, ಮೆದುಳಿನ ಜೀವಕೋಶ ಎಚ್ಚರ ಆಗ್ತವೆ. 21 ಸಲ ಮುಗಿಯೋವರೆಗೆ ಫಿಸಿಯೋಥೆರಪಿ ಬೇಡ, ಅದು ಮಗುವಿಗೆ ಭಯ ತುಂಬುತ್ತೆ" ಅಂದರು ಬಟ್ಟಲು ಬಾರಿಸುವವರು. ನಾನು ಅವರ ಮಾತು ಕೇಳಿ ಫಿಸಿಯೋಥೆರಪಿ ನಿಲ್ಲಿಸಿದೆ. ಮಗನ ಅಳು ನಿಲ್ಲುತ್ತದೆ ಅನ್ನುವುದೇ ನನಗೆ ಆಗ ಸಾಕಾಗಿತ್ತು. ಬಟ್ಟಲು ಹಿಮಾಲಯದ ಕಡೆಯದು ಇರಬಹುದು. ಆದರೆ ಬಟ್ಟೆ ಹೊದಿಸಿದ ಮೈಮೇಲೆ ಇಟ್ಟು ತಟ್ಟುವ ಮಸಾಜ್ ಪದ್ಧತಿಯನ್ನು ಜರ್ಮನಿಯ ಪೀಟರ್ ಹೆಸ್ 1984ರಲ್ಲಿ ರೂಪಿಸಿದ್ದು ಅಂತ ಓದಿ ತಿಳಿದದ್ದು ಎಷ್ಟೋ ದಿನದ ಮೇಲೆ.

ಎರಡು ತಿಂಗಳು ಕಳೆಯಿತು. ಒಂದು ದಿನ ಸ್ನಾನ ಮಾಡಿಸುವಾಗ ನೋಡುತ್ತೇನೆ, ಮಗನ ಮೀನಖಂಡ ಗಟ್ಟಿಯಾಗಿತ್ತು. ಹಿಮ್ಮಡಿ ನೆಲಕ್ಕೆ ಊರುತ್ತಲೇ ಇಲ್ಲ. ಅವತ್ತು ಬಚ್ಚಲಲ್ಲಿ ಕೂತು ಅತ್ತಷ್ಟು ನಾನು ಹೆರಿಗೆಯಲ್ಲೂ ಅತ್ತಿಲ್ಲ.

ಮತ್ತೆ ಫಿಸಿಯೋಥೆರಪಿಗೆ ಹೋದೆವು. ಬೈಯುತ್ತಾರೆ ಅಂತ ಹೆದರಿಕೊಂಡಿದ್ದೆ. ಆ ಮೇಡಂ ಬೈಯಲಿಲ್ಲ. "ಅಲ್ಲಿ ಅವನಿಗೆ ಏನು ಇಷ್ಟ ಆಯ್ತು?" ಅಂತ ಕೇಳಿದರು. ಕಂಚಿನ ಸದ್ದು ಅಂದೆ. "ಮನೇಲಿ ಕಂಚಿಂದು ಏನಾದ್ರೂ ಇದೆಯಾ?"

ಇತ್ತು. ನಮ್ಮತ್ತೆಯ ದೇವರ ಮನೆಯ ಜಾಗಟೆ. ಅದನ್ನು ಕಿಟಕಿಯ ಸರಳಿಗೆ ಕಟ್ಟಿದೆವು, ಮಗ ನಿಂತರೆ ಅವನ ಎದೆಯ ಎತ್ತರಕ್ಕೆ. ಕೋಲಿನ ತುದಿಗೆ ಹಳೆಯ ಸೀರೆ ಸುತ್ತಿದೆವು, ಇಲ್ಲದಿದ್ದರೆ ಸದ್ದು ಕಿವಿಗೆ ಜಾಸ್ತಿ ಆಗುತ್ತದೆ. ಕಾಲನ್ನು ನೇರ ಹಿಡಿಯುವ ಸ್ಪ್ಲಿಂಟ್ ಹಾಕಿ, ಸೊಂಟ ಹಿಡಿದು ನಿಲ್ಲಿಸಿದೆ. ಸದ್ದು ಬೇಕು ಅಂದರೆ ನಿಲ್ಲಬೇಕು. ಸದ್ದು ಬೇಕು ಅಂದರೆ ಕೈ ಎತ್ತಬೇಕು. ಮೊದಲ ದಿನ ಎರಡು ಸಲ ಹೊಡೆದು ಕುಸಿದ. ಈಗ ಅತ್ತೆ ಸಂಜೆಯ ದೀಪ ಹಚ್ಚಿದ ಕೂಡಲೇ ತೆವಳಿಕೊಂಡು ಹೋಗಿ ಸರಳು ಹಿಡಿದು ಎದ್ದು ನಿಲ್ಲುತ್ತಾನೆ. ಒಂದು ಸಲ ಹೊಡೆದು, ಎಡ ಅಂಗೈ ಜಾಗಟೆಗೆ ಒತ್ತಿ, ನಡುಕ ನಿಲ್ಲುವವರೆಗೆ ಕಾಯುತ್ತಾನೆ. ಆಮೇಲೆ ನನ್ನ ಕಡೆ ತಿರುಗಿ "ಮತ್ತ" ಅನ್ನುತ್ತಾನೆ. ಅವನ ಆರನೇ ಮಾತು ಅದು.

ಮಲಗಿಸಿ ಮೈಮೇಲೆ ಬಾರಿಸಿದಾಗ ಮಗನಿಗೆ ಹಿತವಾಯಿತು. ತಾನೇ ನಿಂತು ಬಾರಿಸಿದಾಗ ಕಾಲಿಗೆ, ಕೈಗೆ, ಕಣ್ಣಿಗೆ, ಬಾಯಿಗೆ ಎಲ್ಲಕ್ಕೂ ಕೆಲಸ ಸಿಕ್ಕಿತು. ಜಾಗಟೆ ಅವನನ್ನು ಗುಣ ಮಾಡಿತು ಅಂತ ನಾನು ಹೇಳುತ್ತಿಲ್ಲ. ವಾರಕ್ಕೆ ಐದು ದಿನದ ಥೆರಪಿ ಇವತ್ತಿಗೂ ನಡೆದಿದೆ. ಅಳುವುದೂ ಇದೆ, ಸ್ವಲ್ಪ ಕಡಿಮೆ.

ತಂಗಿ, ನಿನ್ನ ಮಗಳಿಗೆ ಫಿಟ್ಸ್ ಬರುತ್ತದೆ ಅಂತ ಬರೆದಿದ್ದೆ. ಹಾಗಿದ್ದರೆ ಡಾಕ್ಟರನ್ನು ಕೇಳದೆ ಬಟ್ಟಲಿನ ಹತ್ತಿರ ಕರೆದುಕೊಂಡು ಹೋಗಲೇಬೇಡ. ಕಿವಿ ಪರೀಕ್ಷೆ ಆಗಿಲ್ಲ ಅಂದರೆ ಮೊದಲು ಅದು. ಆಮೇಲೆ ಮನಸ್ಸಿದ್ದರೆ ಹೋಗು, ಪಕ್ಕದಲ್ಲೇ ಕೂತುಕೋ. ಆದರೆ ಥೆರಪಿ ನಿಲ್ಲಿಸಿ ಅಂದ ಕ್ಷಣ ಮಗಳನ್ನು ಎತ್ತಿಕೊಂಡು ಎದ್ದು ಬಾ. ಮಂಗಳವಾರ ನಾವು ಜಿಲ್ಲಾ ಆಸ್ಪತ್ರೆಯಲ್ಲಿ ಇರುತ್ತೇವೆ, ಹತ್ತು ಗಂಟೆಗೆ ಬಂದರೆ ಚೀಟಿ ನಾನೇ ಮಾಡಿಸಿಕೊಡುತ್ತೇನೆ.