ಒಂದು ಅಧ್ಯಯನ

ಕನ್ನಡದ ಪಿಎಚ್.ಡಿ. ಪ್ರಬಂಧಗಳ ಶೀರ್ಷಿಕೆಗಳಲ್ಲಿ ಎಷ್ಟೋ ‘ಒಂದು ಅಧ್ಯಯನ’ ಎಂದೇ ಮುಗಿಯುತ್ತವೆ. ಎರಡು ಅಧ್ಯಯನ ಮಾಡಿದವರನ್ನು ನಾನು ಕಂಡಿಲ್ಲ. ನಾನು ಬರೆದ ಮೊದಲ ಸಾರಲೇಖದ, ಎಂದರೆ ವಿಭಾಗದಲ್ಲಿ ಎಲ್ಲರೂ ಸಿನಾಪ್ಸಿಸ್ ಎನ್ನುವ ಕಾಗದದ, ತಲೆಯ ಮೇಲೆ ‘ಕರ್ನಾಟಕದ ವೀರಗಲ್ಲುಗಳು: ಒಂದು ಸಮಗ್ರ ಅಧ್ಯಯನ’ ಎಂದಿತ್ತು. ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ ಮೊದಲು ‘ಸಮಗ್ರ’ವನ್ನು ಹೊಡೆದರು, ಆಮೇಲೆ ‘ಕರ್ನಾಟಕ’ವನ್ನು. “ಕಲ್ಲುಗಳಿಗೆ ಅವಸರವಿಲ್ಲಪ್ಪಾ, ನಿನಗಿರುವುದು 6 ವರ್ಷ” ಎಂದರು. ನಾನು ಶಿವಮೊಗ್ಗ ಜಿಲ್ಲೆಗೆ ಇಳಿದೆ; ಅವರು ಸೊರಬ ತಾಲ್ಲೂಕಿಗೆ ಇಳಿಸಿದರು; ಕೊನೆಗೆ ದನಕರುಗಳನ್ನು ಬಿಡಿಸಿಕೊಳ್ಳಲು ಹೋರಾಡಿ ಮಡಿದವರ ತುರುಗೋಳಿನ ಕಲ್ಲುಗಳಷ್ಟೇ ನನ್ನ ಪಾಲಿಗೆ ಉಳಿದವು.

ಪೂರ್ವಾಧ್ಯಯನಗಳ ಸಮೀಕ್ಷೆಯೆಂಬುದು ವಿಚಿತ್ರ ವಿಧಿ. ಶಾಸನತಜ್ಞ ಬಿ.ಎಲ್. ರೈಸ್ 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಮಾಲೆಯ 8ನೆಯ ಸಂಪುಟದಲ್ಲಿ ಸೊರಬದ ಶಾಸನಗಳನ್ನು ಅಚ್ಚುಹಾಕಿಸಿದ್ದರಿಂದಲೇ ನನಗೆ ಹಿಡಿಯಲು ದಾರಿಯೊಂದಿತ್ತು. ಆದರೂ ಅವರನ್ನೂ ಅನಂತರದವರನ್ನೂ ಸ್ಮರಿಸಿದ ಮೇಲೆ, “ಈ ಕುರಿತು ಇದುವರೆಗೆ ಸಮರ್ಪಕ ಅಧ್ಯಯನ ನಡೆದಿಲ್ಲ” ಎಂದು ಬರೆಯಲೇಬೇಕಿತ್ತು. ನೆಂಟರ ಮನೆಯಲ್ಲಿ ಹೊಟ್ಟೆ ತುಂಬ ಉಂಡು, ಕೈ ತೊಳೆಯುವಾಗ ಸಾರಿಗೆ ಉಪ್ಪು ಸಾಲದೆಂದ ಹಾಗೆ.

ನಿಜವಾಗಿ ಕಾಡಿದ್ದು ಪ್ರಾಕ್ಕಲ್ಪನೆ, ಎಂದರೆ ಪರೀಕ್ಷಿಸಿ ನೋಡಲೆಂದು ಮೊದಲೇ ಇಟ್ಟುಕೊಳ್ಳುವ ಊಹೆ. ‘ವೀರಗಲ್ಲುಗಳು ಅಂದಿನ ಸಮಾಜವನ್ನು ಪ್ರತಿಬಿಂಬಿಸುತ್ತವೆ’ ಎಂದು ಗಂಭೀರವಾಗಿ ಬರೆದಿದ್ದೆ. “ಇಲ್ಲವೆಂದವರು ಯಾರು? ಸುಳ್ಳೆಂದು ತೋರಿಸಲು ಬಾರದ ಮಾತಿಗಾಗಿ ಊರೂರು ಅಲೆಯಬೇಕೆ?” ಎಂದು ಮಾರ್ಗದರ್ಶಕರು ಕೇಳಿದರು. ಎರಡು ವಾರ ತಿಣುಕಿ, ತುರುಗೋಳಿನ ಕಲ್ಲುಗಳು ತಾಲ್ಲೂಕಿನ ನಡುವಿಗಿಂತ ಅಂಚಿನ ಊರುಗಳಲ್ಲೇ ಹೆಚ್ಚಿರಬೇಕು ಎಂದು ತಿದ್ದಿದೆ. ಇದು ಸುಳ್ಳಾಗಬಹುದಾದ ಮಾತಾಗಿತ್ತು. ಅದಕ್ಕೇ ಅವರಿಗೆ ಹಿಡಿಸಿತು, ನನಗೆ ನಿದ್ದೆ ಕೆಟ್ಟಿತು.

ಅಧ್ಯಾಯ ವಿಂಗಡಣೆ ಬರೆಯುವಾಗ ಸ್ವಲ್ಪ ನಾಚಿಕೆಯಾಯಿತು. ಕಾಳಗ, ಅಪ್ಸರೆಯರೊಡನೆ ಮೇಲೇರುವಿಕೆ, ಶಿವಸಾನ್ನಿಧ್ಯ ಎಂದು ಸಾಮಾನ್ಯವಾಗಿ ಮೂರು ಪಟ್ಟಿಕೆಗಳಲ್ಲಿ ಆ ಕಲ್ಲು ವೀರನ ಕತೆಯನ್ನು ಮುಗಿಸುತ್ತದೆ. ನಾನು ಅದಕ್ಕೆ ಏಳು ಅಧ್ಯಾಯಗಳನ್ನೂ 3 ಅನುಬಂಧಗಳನ್ನೂ ಕೇಳಿದ್ದೆ.

ಒಪ್ಪಿಗೆಯಾದ ಸಾರಲೇಖಗಳಿಗೆ ಗುಜರಾತಿನ ಗಾಂಧಿನಗರದಲ್ಲಿರುವ, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಬೆಸೆಯುವ ಇನ್‌ಫ್ಲಿಬ್‌ನೆಟ್ ಕೇಂದ್ರದ ‘ಶೋಧಗಂಗೋತ್ರಿ’ ಎಂಬ ಅಂತರ್ಜಾಲ ಸಂಗ್ರಹವಿದೆ, ಮುಗಿದ ಪ್ರಬಂಧಗಳಿಗೆ ‘ಶೋಧಗಂಗಾ’. ಹೆಸರಿಟ್ಟವರು ರಸಿಕರೇ ಸರಿ. ಗಂಗೋತ್ರಿಯಲ್ಲಿ ಹುಟ್ಟಿಯೂ ಬಯಲಿಗೆ ಇಳಿಯದೆ ಎಲ್ಲೋ ಇಂಗಿಹೋದ ಧಾರೆಗಳಲ್ಲಿ ನನ್ನ ಇಬ್ಬರು ಗೆಳೆಯರದೂ ಸೇರಿವೆ.

ಸಮಿತಿಯ ಮುಂದೆ ನಿಂತ ದಿನ, ಹೊರಗಿನಿಂದ ಬಂದಿದ್ದ ತಜ್ಞರು ನನ್ನ ಕಾಗದವನ್ನು ಹಿಂದುಮುಂದಾಗಿ ತಿರುಗಿಸಿ ನೋಡಿ, “ಒಂದೇ ತಾಲ್ಲೂಕು ಯಾಕೆ? ಇಡೀ ಕರ್ನಾಟಕವನ್ನೇ ತೆಗೆದುಕೊಳ್ಳಬಹುದಿತ್ತಲ್ಲ?” ಎಂದರು. ಮಾರ್ಗದರ್ಶಕರು ಆಗ ತಮ್ಮ ಕೆಂಪು ಪೆನ್ನಿನ ಮುಚ್ಚಳವನ್ನು ಬಹಳ ಹೊತ್ತು ಹುಡುಕುತ್ತಿದ್ದರು.