ಪಕ್ಕದ ಮನೆಯ ಜಿಟಿಒ, ನನ್ನ ಯೆಜ್ಡಿ ಮತ್ತು ಎದುರು ಮನೆಯ ಮಗು

ಮೇ ತಿಂಗಳ ಒಂದು ಭಾನುವಾರ, ಬೆಳಗ್ಗೆ ಆರೂವರೆ. ಫಿಲ್ಟರಿಗೆ ಬಿಸಿನೀರು ಹಾಕಿ, ಡಿಕಾಕ್ಷನ್ ಇಳಿಯಲಿ ಅಂತ ಕಿಟಕಿ ಹತ್ತಿರ ನಿಂತಿದ್ದೆ. ನೋಡಿದರೆ ಪಕ್ಕದ ಮನೆಯ ಅಜ್ಜ ಕಾರು ತಳ್ಳುತ್ತಿದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಕಾರು 1968ರ ಪಾಂಟಿಯಾಕ್ ಜಿಟಿಒ, ಒಂದೂವರೆ ಟನ್ನಿಗೂ ಮೇಲಿನ ಕಬ್ಬಿಣ. ಒಂದು ಕೈ ಸ್ಟೀರಿಂಗ್ ಮೇಲೆ, ಭುಜ ಬಾಗಿಲ ಕಂಬಕ್ಕೆ. ಬ್ಯಾಟರಿ ಸತ್ತಿರಬೇಕು ಅಂದುಕೊಂಡು ಚಪ್ಪಲಿ ಮೆಟ್ಟಿ ಓಡಿದೆ. ತಳ್ಳಿ ಸ್ಟಾರ್ಟ್ ಮಾಡುವ ವಿದ್ಯೆ ನಮಗೆ ಯಾರೂ ಕಲಿಸಬೇಕಿಲ್ಲವಲ್ಲ.

‘ಬ್ಯಾಟರಿ ಚೆನ್ನಾಗಿದೆ. ಎದುರು ಮನೆಯಲ್ಲಿ ಎರಡು ತಿಂಗಳ ಮಗು ಇದೆ. ಮೂಲೆ ತಿರುಗಿದ ಮೇಲೆ ಸ್ಟಾರ್ಟ್ ಮಾಡ್ತೀನಿ’ ಅಂದರು.

ಇಬ್ಬರೂ ಸೇರಿ ತಳ್ಳಿದೆವು. ಮೂಲೆ ತಿರುಗಿದ ಮೇಲೆ ಕೀಲಿ ತಿರುಗಿಸಿದರು. ಮೊದಲು ಗುಡುಗು, ಅದರ ಹಿಂದೆಯೇ ಎಡಗಡೆಯಿಂದ ಚಿಟ್ ಚಿಟ್ ಚಿಟ್ ಅಂತ ಒಂದು ಸದ್ದು, ಸಾಸಿವೆ ಸಿಡಿದ ಹಾಗೆ. ‘ಹೆಡರ್ ಗ್ಯಾಸ್ಕೆಟ್ ಮತ್ತೆ ಹೋಗಿದೆ’ ಅಂತ ಬೇಜಾರಿನಿಂದ ತಲೆಯಾಡಿಸಿದರು. ಹೊಗೆ ಕೊಳವೆ ಎಂಜಿನ್ನಿಗೆ ಕೂಡುವ ಕಡೆ ಸೋರದ ಹಾಗೆ ಹಾಕುವ ಪಟ್ಟಿ ಅದು. ನಾನು ವಾಪಸ್ ಬರುವ ಹೊತ್ತಿಗೆ ಡಿಕಾಕ್ಷನ್ ಇಳಿದಿತ್ತು. ಕಾಫಿ ಮಾತ್ರ ಯಾಕೋ ಗಂಟಲಲ್ಲಿ ಇಳಿಯಲಿಲ್ಲ.

ಯಾಕೆ ಅಂದರೆ ನನಗೆ ನನ್ನ ಯೆಜ್ಡಿ ನೆನಪಾಯಿತು. ಯಾದವಗಿರಿಯ ಕಾರ್ಖಾನೆಯಲ್ಲೇ ಹುಟ್ಟಿದ ಗಾಡಿ, ನಮ್ಮ ಮೈಸೂರಿನದೇ. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಕಾಲೇಜಿಗೆ ಸೇರಿದ ವರ್ಷ ನಾನು ಮಾಡಿದ ಮೊದಲ ಕೆಲಸ ಅಂದರೆ ಎರಡೂ ಕಡೆಯ ಬಫಲ್, ಅಂದರೆ ಸೈಲೆನ್ಸರ್ ಒಳಗೆ ಸದ್ದು ತಗ್ಗಿಸುವ ಕೊಳವೆ, ಕಿತ್ತು ಅಟ್ಟಕ್ಕೆ ಎಸೆದದ್ದು. ಸರಸ್ವತಿಪುರಂನಲ್ಲಿ ರಾತ್ರಿ ಹತ್ತು ಗಂಟೆಗೆ ನಾನು ಬಂದರೆ ಬೀದಿ ಪೂರ್ತಿಗೆ ಗೊತ್ತಾಗಬೇಕು, ಗೊತ್ತಾಗುತ್ತಿತ್ತು. ಆ ಬೀದಿಯಲ್ಲಿ ಎಷ್ಟು ಮನೆಯಲ್ಲಿ ಎರಡು ತಿಂಗಳ ಮಗು ಇತ್ತೋ! ಒಂದು ದಿನವೂ ಆ ಯೋಚನೆ ಬರಲಿಲ್ಲ.

ಇಲ್ಲಿ ಡೆಟ್ರಾಯಿಟ್ ಪಕ್ಕದ ಟ್ರಾಯ್‌ಗೆ ಬಂದು ತುಂಬಾ ವರ್ಷ ಆಯಿತು. ಪಂಪ ಕನ್ನಡ ಕೂಟದ ಕಾರ್ಯಕ್ರಮ, ಸಂಕ್ರಾಂತಿಗೆ ಎಳ್ಳು, ಎಲ್ಲ ಇದೆ. ಆದರೆ ಈ ಊರಿನ ನಿಜವಾದ ದೇವರು ಕಾರು. ಹಳೆ ಕಾರಿನ ಒಂದು ಪೈಪಿಗೆ ಜನ ಎಷ್ಟು ಯೋಚನೆ ಮಾಡುತ್ತಾರೆ ಅನ್ನುವುದನ್ನು ಆ ಬೇಸಿಗೆಯಲ್ಲಿ ಪಕ್ಕದ ಗ್ಯಾರೇಜಿನಲ್ಲಿ ಸ್ಟೂಲ್ ಹಾಕಿಕೊಂಡು ಕೂತು ನೋಡಿದೆ. ಹೆಡರ್ ಇರಲಿಯೋ, ಬೀಡಿನ ಮ್ಯಾನಿಫೋಲ್ಡ್ ವಾಪಸ್ ಹಾಕಲೋ? ಅಜ್ಜ ಇದೊಂದೇ ಪ್ರಶ್ನೆಯನ್ನು ಮೂರು ತಿಂಗಳು ಅರೆದರು. ನಾವು ಹೆಣ್ಣು ನೋಡಿ ಒಪ್ಪುವುದೂ ಇದಕ್ಕಿಂತ ಬೇಗ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ವಿ8 ಎಂಜಿನ್ನಿನಲ್ಲಿ ಒಂದೊಂದು ಪಕ್ಕಕ್ಕೆ ನಾಲ್ಕು ಸಿಲಿಂಡರ್. ಕಂಪನಿ ಸಾಮಾನ್ಯವಾಗಿ ಕೊಡುತ್ತಿದ್ದದ್ದು ಬೀಡು ಎರಕದ ಮ್ಯಾನಿಫೋಲ್ಡ್. ನಾಲ್ಕೂ ಸಿಲಿಂಡರಿನ ಹೊಗೆ ಒಂದೇ ಮೋಟು ಓಣಿಗೆ ಬಂದು ಬೀಳುತ್ತದೆ. ಛತ್ರದಲ್ಲಿ ಮೊದಲ ಪಂಕ್ತಿಯವರು ಕೈ ತೊಳೆಯಲು ಎದ್ದಾಗ ಎರಡನೇ ಪಂಕ್ತಿಯವರು ಅದೇ ಬಾಗಿಲಲ್ಲಿ ಒಳಗೆ ನುಗ್ಗುತ್ತಾರಲ್ಲ, ಹಾಗೆ. ಪಾಂಟಿಯಾಕ್‌ನಲ್ಲಿ ಐದನೇ ಸಿಲಿಂಡರ್ ಉರಿದ ಕೂಡಲೇ ಏಳನೆಯದರ ಸರದಿ. ಎರಡೂ ಒಂದೇ ಪಕ್ಕದವು, ಅಕ್ಕಪಕ್ಕದವು. ಐದರ ಹೊಗೆಗೆ ಏಳರದ್ದು ಅಡ್ಡ ಬರುತ್ತದೆ. ವಿ8ರ ಆ ಗುಡು ಗುಡು ಸದ್ದು ಬರುವುದೂ ಈ ಏರುಪೇರಿನಿಂದಲೇ.

ಹೆಡರ್ ಅಂದರೆ ಉಕ್ಕಿನ ತೆಳು ಕೊಳವೆಗಳು. ಪ್ರತಿ ಸಿಲಿಂಡರಿಗೂ ತನ್ನದೇ ಉದ್ದನೆ ದಾರಿ. ನಾಲ್ಕೂ ದೂರದಲ್ಲಿ ಒಂದು ಕಡೆ ಸೇರುತ್ತವೆ. ಮುಂದೆ ಹೋದ ಹೊಗೆ ತನ್ನ ಹಿಂದೆ ಜಾಗ ಖಾಲಿ ಬಿಟ್ಟು ಹಿಂದಿನದನ್ನು ಎಳೆದುಕೊಳ್ಳುತ್ತದೆ. ಎಂಜಿನ್ ಹಗುರಾಗಿ ಉಸಿರು ಬಿಡುತ್ತದೆ. ಶಕ್ತಿ ಜಾಸ್ತಿ, ತೂಕ ಕಡಿಮೆ. ಕಾಗದದ ಮೇಲೆ ಹೆಡರ್ ಗೆದ್ದ ಹಾಗೆ.

ಅಜ್ಜನ ಕಾರಿಗೆ ಹಿಂದಿನ ಮಾಲೀಕ ಯಾವತ್ತೋ ಹೆಡರ್ ಹಾಕಿಸಿದ್ದ. ಅದರ ಜೊತೆ ಸಂಸಾರ ಮಾಡಿದವರು ಅಜ್ಜ. ಕಾದು ತಣಿದು, ಕಾದು ತಣಿದು ಬೋಲ್ಟ್ ಸಡಿಲ ಆಗುತ್ತದೆ, ಮತ್ತೆ ಬಿಗಿ ಮಾಡಬೇಕು. ಪ್ಲಗ್ ವೈರ್ ಕೊಳವೆಗೆ ತಾಗಿ ಸುಟ್ಟಿದೆ. ಪಕ್ಕದಲ್ಲೇ ಇರುವ ಸ್ಟಾರ್ಟರ್ ಮೋಟರ್ ಕಾವಿಗೆ ಬೆಂದು, ಪೆಟ್ರೋಲ್ ಹಾಕಿಸಲು ನಿಲ್ಲಿಸಿದರೆ ಮತ್ತೆ ತಿರುಗಲು ಮೊಂಡಾಟ. ಕೊಳವೆ ಕೆಳಗೆ ಜೋತು ಬಿದ್ದಿರುವುದರಿಂದ ರೈಲು ಹಳಿ ದಾಟುವಾಗ ಕರ್ರ್ ಅಂತ ಸವರುತ್ತದೆ. ಮಿಶಿಗನ್ ರಸ್ತೆಗಳ ಗುಂಡಿ ನಮ್ಮ ಬೆಂಗಳೂರಿಗೇನೂ ಕಡಿಮೆ ಇಲ್ಲ, ಅದು ಬೇರೆ ಮಾತು. ಚಳಿಗಾಲ ಪೂರ್ತಿ ಗ್ಯಾರೇಜಿನಲ್ಲಿ ನಿಂತ ಕಾರಿನ ತೆಳು ಕೊಳವೆಯೊಳಗೆ ನೀರು ಕಟ್ಟಿ ತುಕ್ಕು. ಬೀಡಿಗೆ ಇದ್ಯಾವ ಚಿಂತೆಯೂ ಅಷ್ಟಾಗಿ ಇಲ್ಲ. ಅಜ್ಜಿ ಕಾಲದ ಬೀಡಿನ ಕಾವಲಿಯಲ್ಲಿ ದೋಸೆ ಹೊಯ್ದವರಿಗೆ ನಾನು ಹೇಳುವುದು ಅರ್ಥ ಆಗುತ್ತದೆ. ದಪ್ಪ, ಭಾರ, ನಿಧಾನ, ಆದರೆ ಸೊಟ್ಟ ಆಗಲ್ಲ, ಕಿರುಚಲ್ಲ.

ಕೊನೆಗೆ ಅಜ್ಜ ಹುಡುಕಿದ್ದು ನಡುವಿನ ದಾರಿ. ಪಾಂಟಿಯಾಕ್ ಆ ಕಾಲದಲ್ಲೇ ತನ್ನ ಜೋರು ಎಂಜಿನ್‌ಗಳಿಗೆ ಎಚ್.ಒ. (ಹೈ ಔಟ್‌ಪುಟ್) ಅನ್ನುವ ಬೇರೆ ಮ್ಯಾನಿಫೋಲ್ಡ್ ಹಾಕುತ್ತಿತ್ತು. ಬೀಡಿನದೇ, ಆದರೆ ಒಳಗಿನ ಓಣಿಗಳು ಉದ್ದ, ಬೇರೆ ಬೇರೆ. ಅದನ್ನು ಹೋಲುವ ಹೊಸ ಎರಕ ಈಗಲೂ ಸಿಗುತ್ತದೆ. 1962ರ ಸುಮಾರಿಗೆ ಇದೇ ಕಂಪನಿ ಡ್ರ್ಯಾಗ್ ರೇಸಿಗೆ ಅಲ್ಯೂಮಿನಿಯಂ ಮ್ಯಾನಿಫೋಲ್ಡ್ ಕೂಡ ಮಾಡಿತ್ತು. ಕಾಲು ಮೈಲಿ ಓಡಿ ನಿಂತರೆ ಸರಿ. ಊರಲ್ಲಿ ಸುತ್ತಾಡಿದರೆ ಕರಗುವ ಭಯ! ಹಾಗಂತ ಅಜ್ಜನೇ ಹೇಳಿ ನಕ್ಕರು.

‘350 ಅಶ್ವಶಕ್ತಿ ಅಂತ ಬರೆದಿದ್ದಾರಲ್ಲ, ಹೆಡರ್ ತೆಗೆದರೆ ಕಡಿಮೆ ಆಗಲ್ವಾ?’ ಅಂತ ಕೇಳಿದೆ. ಆ ಲೆಕ್ಕ ಬರೆದ ರೀತಿಯೇ ಬೇರೆ ಅಂದರು. ಕಾರಿನ ಸೈಲೆನ್ಸರ್ ಗೀಲೆನ್ಸರ್ ಇಲ್ಲದೆ ಬರೀ ಎಂಜಿನ್ನನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ ಅಳೆದದ್ದು. 1972ರಿಂದ ಎಲ್ಲ ಜೋಡಿಸಿ ಅಳೆಯಲು ಶುರು ಮಾಡಿದ ಮೇಲೆ ಅಂಕಿಗಳು ದಬದಬ ಇಳಿದವು. ‘ನಾನು ಸಿಗ್ನಲ್ಲಿಂದ ಸಿಗ್ನಲ್ಲಿಗೆ ಹೋಗುವವನು. ಕೊನೆಯ ಇಪ್ಪತ್ತು ಕುದುರೆ ಎಲ್ಲಿ ಓಡಿಸಲಿ?’

ನನಗೆ ಇಷ್ಟ ಆಗಿದ್ದು ಇದೇ. ಪೈಪ್ ಆರಿಸುವಾಗ ಈ ಮನುಷ್ಯ ಎದುರು ಮನೆಯ ತೊಟ್ಟಿಲನ್ನೂ ಲೆಕ್ಕಕ್ಕೆ ತೆಗೆದುಕೊಂಡ. ನಮ್ಮಲ್ಲಿ? ಹೋದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ರಾತ್ರಿ ಹನ್ನೊಂದಕ್ಕೆ ಬುಲೆಟ್ ಒಂದು ಪಟಾಕಿ ಹೊಡೆದುಕೊಂಡು ಹೋಯಿತು. ಅಮ್ಮ ಮಂಚದಲ್ಲಿ ಬೆಚ್ಚಿಬಿದ್ದರು. ಪೊಲೀಸರು ಅಂಥ ಸೈಲೆನ್ಸರ್‌ಗಳನ್ನು ರಸ್ತೆಯಲ್ಲಿ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುತ್ತಾರೆ. ಫೋಟೊ ಪೇಪರಲ್ಲಿ ಬರುತ್ತದೆ. ಮಾರನೇ ದಿನ ಹೊಸದು ಬರುತ್ತದೆ. ನಮಗೆ ಸದ್ದೇ ಶಕ್ತಿ. ಮದುವೆ ವಾಲಗದಿಂದ ಹಿಡಿದು ಗಣಪತಿ ಬಿಡುವ ತನಕ ಅದೇ ಲೆಕ್ಕ. ಕೂಟದ ಗೆಳೆಯರ ಹತ್ತಿರ ಇದನ್ನು ಭಾಷಣದ ಹಾಗೆ ಹೇಳಿ ಹೇಳಿ, ಅವರು ನನ್ನನ್ನು ಕಂಡರೆ ‘ಬಂದ ನೋಡು ಮ್ಯಾನಿಫೋಲ್ಡ್’ ಅನ್ನುವ ಹಾಗಾಯಿತು.

ಆಗಸ್ಟ್ ಬಂತು. ಆ ತಿಂಗಳ ಮೂರನೇ ಶನಿವಾರ ವುಡ್‌ವರ್ಡ್ ಅವೆನ್ಯೂದಲ್ಲಿ ಡ್ರೀಮ್ ಕ್ರೂಸ್. 1995ರಿಂದ ನಡೆಯುತ್ತಿರುವ ಹಳೆ ಕಾರುಗಳ ಜಾತ್ರೆ. ಅಜ್ಜನ ಪಕ್ಕದ ಸೀಟಿನಲ್ಲಿ ಕೂತು ಹೋದೆ. ನನ್ನ ಸಿದ್ಧಾಂತ ರಾಯಲ್ ಓಕ್ ದಾಟುವಷ್ಟರಲ್ಲಿ ಪಂಕ್ಚರ್. ಪಕ್ಕಕ್ಕೆ ಶೆವ್ರೊಲೆ ಕಂಪನಿಯ ಹಳೆ ಶೆವೆಲ್ ಕಾರೊಂದು ಬಂದು ನಿಂತಿತು. ಹೆಡರ್, ಸೈಲೆನ್ಸರ್ ಇದ್ದೂ ಇಲ್ಲದ ಹಾಗೆ. ಹಸಿರು ದೀಪ ಬಿದ್ದಾಗ ಅದು ಕೂಗಿದ ಕೂಗಿಗೆ ನನ್ನ ಎದೆಗೂಡು ಅದುರಿತು, ಕೂದಲು ನಿಮಿರಿತು. ಫುಟ್‌ಪಾತಿನಲ್ಲಿ ಕುರ್ಚಿ ಹಾಕಿಕೊಂಡು ಕೂತ ಅಜ್ಜಿಯರು ಚಪ್ಪಾಳೆ ಹೊಡೆದರು. ನಾನೂ ಹೊಡೆದೆ, ಸುಳ್ಳು ಯಾಕೆ. ‘1970ರ ಜಿಟಿಒಗೆ ಡ್ಯಾಶ್‌ಬೋರ್ಡ್ ಕೆಳಗೆ ಒಂದು ಗುಬುಟು ಸಿಗುತ್ತಿತ್ತು. ಎಳೆದರೆ ಸದ್ದು ಜಾಸ್ತಿ. ಕಂಪನಿ ಅದೇ ವರ್ಷ ನಿಲ್ಲಿಸಿಬಿಟ್ಟಿತು’ ಅಂತ ಅಜ್ಜ ಆಸೆಗಣ್ಣಿನಿಂದ ಹೇಳಿದರು. ಅಂದರೆ ಇಲ್ಲಿಯವರಿಗೂ ಅದೇ ಹುಚ್ಚು. ಇವರ ಹತ್ತಿರ ದೊಡ್ಡ ಗ್ಯಾರೇಜ್ ಇದೆ, ಕೆಲಸಕ್ಕೆ ಹೋಗಲು ಬೇರೆ ಕಾರಿದೆ, ಶನಿವಾರ ಇದೆ. ಸದ್ದನ್ನು ಒಂದು ದಿನಕ್ಕೆ ಎತ್ತಿಡುವ ಅನುಕೂಲ ಇದೆ.

ಇನ್ನೊಂದನ್ನೂ ಒಪ್ಪಬೇಕು, ಇಷ್ಟು ಹೊತ್ತು ಬೇಕಂತಲೇ ಬಿಟ್ಟಿದ್ದೆ. ನಾನು ಬಫಲ್ ಕಿತ್ತ ದಿನ ನಮ್ಮ ಬಲ್ಲಾಳ್ ಸರ್ಕಲ್ ಹತ್ತಿರದ ಮೆಕ್ಯಾನಿಕ್ ಬೇಡ ಅಂದಿದ್ದ. ‘ತೆಗೀಬೇಡಿ ಸಾರ್, ಗಾಡಿ ಎಳೆಯಲ್ಲ. ಪೆಟ್ರೋಲೂ ಕುಡಿಯುತ್ತೆ.’ ಟೂ ಸ್ಟ್ರೋಕ್ ಎಂಜಿನ್ನಿಗೆ ಸೈಲೆನ್ಸರಿನಿಂದ ಮರಳಿ ಬರುವ ಒತ್ತಡ ಬೇಕು. ಹೊರಗೆ ಓಡಿಹೋಗುವ ಹೊಸ ಪೆಟ್ರೋಲನ್ನು ಅದೇ ಒಳಕ್ಕೆ ತಳ್ಳುವುದು. ಅವನು ಈ ವಿವರಣೆ ಕೊಡಲಿಲ್ಲ, ವಿಷಯ ಅವನಿಗೆ ಗೊತ್ತಿತ್ತು. ಮಸಿ ಕಟ್ಟಿದ ಬಫಲನ್ನು ಬಚ್ಚಲೊಲೆಯಲ್ಲಿ ಕೆಂಪಗೆ ಸುಟ್ಟು, ತಟ್ಟಿ ಉದುರಿಸಿ ವಾಪಸ್ ಹಾಕುವುದನ್ನು ಅಣ್ಣನಿಗೆ ಕಲಿಸಿದ್ದೂ ಅವನೇ. ನಂಜನಗೂಡಿನ ತನಕ ಹಾಲಿನ ಕ್ಯಾನ್ ಹೊತ್ತು ಹೋಗುವ ಯೆಜ್ಡಿಗಳು ಅವನ ಅಂಗಡಿಗೆ ಬರುತ್ತಿದ್ದವು. ಒಂದರದ್ದೂ ಬಫಲ್ ಕಿತ್ತಿರಲಿಲ್ಲ. ಕೇಳದೆ ಹೋದವನು ನಾನು.

ಸೆಪ್ಟೆಂಬರಿನಲ್ಲಿ ಹೊಸ ಬೀಡು ಕೂತಿತು. ಅಜ್ಜ ಎಂಜಿನ್ ಶುರು ಮಾಡಿ, ಕಾರಿನ ಹಿಂದೆ ಬಂದು ಮಂಡಿಯೂರಿ, ಎರಡು ಪೈಪಿಗೂ ಒಂದೊಂದು ಅಂಗೈ ಒಡ್ಡಿದರು. ಕಣ್ಣು ಮುಚ್ಚಿಕೊಂಡರು. ಯೆಜ್ಡಿಯ ಎರಡು ಸೈಲೆನ್ಸರಿಗೆ ಆ ಮೆಕ್ಯಾನಿಕ್ ಕೈ ಒಡ್ಡುತ್ತಿದ್ದದ್ದು ಥೇಟ್ ಹೀಗೇ. ‘ನೀನೂ ನೋಡು’ ಅಂದರು. ನೋಡಿದೆ. ಬೆಚ್ಚನೆ ಗಾಳಿ, ಪುಪ್ ಪುಪ್ ಅಂತ ಅಂಗೈಗೆ ತಟ್ಟುತ್ತಿತ್ತು. ಎಡಗಡೆ ಒಂಚೂರು ಕಡಿಮೆ ಅನ್ನಿಸಿತು. ಹೇಳಿದೆ. ಎಂಜಿನ್ ಆರಿಸಿ, ಗೊಣಗುತ್ತಾ ಸ್ಪ್ಯಾನರ್ ಹುಡುಕಲು ಒಳಗೆ ಹೋದರು.